ನೆರೆ ಇಳಿದ ಹಳ್ಳಿಗೆ ಸಭೆಯ ಸೇವಾ ತಂಡ: ಏನು ಒಯ್ಯಬೇಕು, ಏನು ಮುಟ್ಟಬಾರದು?

ಕುಡ್ಲದ ಯುವಜನ

ಎಲ್ಲರಿಗೂ ವಂದನೆ. ನಮ್ಮ ಸಭೆಯ (ಚರ್ಚಿನ) ಯುವಜನ ಸಂಘದಿಂದ 18 ಮಂದಿ (6 ಮಂದಿ ಹುಡುಗಿಯರು) ಮುಂದಿನ ಸೋಮವಾರ ಮಂಗಳೂರಿನಿಂದ ಹೊರಡುವವರಿದ್ದೇವೆ. ಈ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನುಗ್ಗಿದ ರೋಣ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಯಲ್ಲಿ 5 ದಿನ ಸೇವೆ ಮಾಡುವ ಯೋಚನೆ. ನೀರು ಇಳಿದಿದೆ, ಜನ ಗಂಜಿ ಕೇಂದ್ರದಿಂದ ಹಗಲು ಹೊತ್ತು ಮನೆಗೆ ಬಂದು ಹೋಗುತ್ತಿದ್ದಾರಂತೆ. ಗದಗ-ಬೆಟಗೇರಿಯ ಸಭೆಯವರು ಮಲಗಲು ಹಾಲ್ ಕೊಡುತ್ತಾರೆ.

ಒಂದು ಟೆಂಪೊ ಟ್ರಾವೆಲರ್, ಒಂದು 407 ಮಿನಿ ಲಾರಿ ಗೊತ್ತಾಗಿದೆ. ಇಷ್ಟರವರೆಗೆ ಒಟ್ಟಾದದ್ದು: 6 ಕ್ವಿಂಟಲ್ ಕುಚ್ಚಲಕ್ಕಿ, 32 ಚೀಲ ಬಟ್ಟೆ (ಹೆಚ್ಚಿನದು ಹಳೆಯದು), 50 ಕೆಜಿ ಬ್ಲೀಚಿಂಗ್ ಪೌಡರ್, ಕಾರು ತೊಳೆಯುವ ಪ್ರೆಶರ್ ಪಂಪ್ 2, ಬಾವಿ ಖಾಲಿ ಮಾಡಲು ಒಂದು ಡೀಸೆಲ್ ಪಂಪ್. 200 ಕಿಟ್ ಮಾಡಿ ಪ್ರತಿಯೊಂದರಲ್ಲಿ ಲೂಕನ ಸುವಾರ್ತೆಯ ಒಂದು ಚಿಕ್ಕ ಪುಸ್ತಕ ಇಡಬೇಕೆಂದು ಕೆಲವರು, ಬೇಡವೆಂದು ಕೆಲವರು. ಗಲ್ಫ್‌ನಲ್ಲಿರುವ ಸಭೆಯವರು ಹಣ ಕಳಿಸುತ್ತೇವೆ ಎನ್ನುತ್ತಾರೆ.

ಮನೆ ಶುಚಿ ಮಾಡುವ ಕ್ರಮ, ಬಾವಿ, ನಮ್ಮವರ ಆರೋಗ್ಯ, ಕಿಟ್ ಹಂಚುವುದು, ಇವುಗಳ ಬಗ್ಗೆ ಗೊತ್ತಿದ್ದವರು ನೇರವಾಗಿ ಹೇಳಿ. ತಪ್ಪಿದ್ದರೆ ಬೈಯಲೂಬಹುದು.

ಹೊಳಿದಂಡಿ

ಬರ್ರಿ, ಕೈ ಬೇಕಾಗ್ಯಾವು. ಆದ್ರ ಮೊದಲ ಗಾಡಿ ಒಳಗಿಂದ ಅರ್ಧ ಸಾಮಾನು ಇಳಿಸ್ರಿ.

ಹಳೇ ಬಟ್ಟಿ ಬ್ಯಾಡ. ನೆರಿ ಬಂದಾಗೊಮ್ಮೆ ಶಾಲಿ ಕಟ್ಟಿ ಮ್ಯಾಲೆ ಬಟ್ಟಿ ಗುಡ್ಡಿ ಬೀಳತೈತಿ, ತೋಯ್ದು ಕೊಳೀತೈತಿ, ಕಡೀಕ ಅದನ್ನ ಸಾಗಸೂ ಕೆಲಸಾನೂ ಊರವರದ. ಮನಿ ಹೋದಾಕಿಗೂ ಬ್ಯಾರೆದವರು ಉಟ್ಟು ಬಿಟ್ಟ ಸೀರಿ ಮುಂದ ಹಿಡದ್ರ ಮಾರಿ ಸಣ್ಣದಾಗತೈತಿ. ಕೊಡೂದಿದ್ರ ಹೊಸಾ ಒಳಬಟ್ಟಿ, ನೈಟಿ, ಟವೆಲ್, ಚಾದರ ಕೊಡ್ರಿ.

ಕುಚ್ಚಲಕ್ಕಿ ಇಲ್ಲಿ ನಡಿಯೂದಿಲ್ಲ. ಬೇಯಾಕ ತಾಸುಗಟ್ಟಲೆ ಉರಿ ಬೇಕು, ಕಟಗಿ ಕುಳ್ಳು ಎಲ್ಲಾ ತೋಯ್ದಾವು. ಇದು ರೊಟ್ಟಿ ಉಣ್ಣೂ ನಾಡು. ಆದ್ರ ಬರೇ ಜೋಳ ತಂದ್ರೂ ಆಗೂದಿಲ್ಲ, ಕರೆಂಟ್ ಇಲ್ದ ಗಿರಣಿ ನಿಂತಿರತಾವು. ಗದಗ ಪ್ಯಾಟ್ಯಾಗ ಜೋಳ ತಗೊಂಡು ಅಲ್ಲೇ ಹಿಂದಿನ ದಿನ ಬೀಸ್ರಿ. ಮಂಗಳೂರಾಗ ಬೀಸಿಕೊಂಡು ಬರಬ್ಯಾಡ್ರಿ, ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ, ರೊಟ್ಟಿ ಬಡಿಯೂವಾಗ ಹರೀತೈತಿ, ಕಹಿನೂ ಆಗತೈತಿ. 5 ಮಂದಿ ಮನಿಗೆ 5 ಕೆಜಿ ಹಿಟ್ಟು ಅಂದ್ರ 4 ದಿನ. ಜೋಡಿ ತೊಗರಿಬ್ಯಾಳಿ, ಖಾರಪುಡಿ, ಉಪ್ಪು, ಎಣ್ಣಿ, ಕಡ್ಡಿಪೆಟಗಿ. ಬಾಳ ಮಂದಿ ಮರೆಯೂದು ಹಂಚು ಮತ್ತ ಪರಾತ. ಹಿಟ್ಟು ಕೊಟ್ರಿ, ಎದರಾಗ ನಾದಬೇಕು, ಎದರ ಮ್ಯಾಲೆ ಬೇಯಿಸಬೇಕು?

ಈಗ ಮನಿ ಕೆಲಸ. ಬಿದ್ದ ಗ್ವಾಡಿ ಮುಟ್ಟೂಕಿಂತ ಮೊದಲ ಒಂದ ಮಾತು ಕೇಳ್ರಿ: "ಪಂಚನಾಮೆ ಆಗೈತೇನ್ರಿ?" ಈ 2019ರ ನೆರಿಗೆ ತಕ್ಷಣದ ಖರ್ಚಿಗೆ ಕುಟುಂಬಕ್ಕ 10,000 ರೂಪಾಯಿ, ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂತ ಸರಕಾರ ಹೇಳೈತಿ. ಯಾವ ಮನಿ ಎಷ್ಟು ಬಿದ್ದೈತಿ ಅನ್ನೂದನ್ನ ತಲಾಟಿ, ಪಂಚಾಯ್ತಿಯವರು, ಇಂಜಿನಿಯರು ಕಣ್ಣಾರೆ ನೋಡಿ ಬರಕೋತಾರು. ನೀವು ಒಳ್ಳೇ ಮನಸ್ಸಿನಿಂದ ಬಿದ್ದ ಮಣ್ಣು ಬಳದು ಅಂಗಳಾ ಚೊಕ್ಕ ಮಾಡಿ ಹೋದ್ರಿ ಅಂದ್ರ, ಮರುದಿನಾ ಬಂದವರ ಕಣ್ಣಿಗೆ ಅದು ಸ್ವಲ್ಪ ಹಾಳಾದ ಮನಿ. ಆ ಕುಟುಂಬಕ್ಕ ನಿಮ್ಮ ಸೇವಾ ಲಕ್ಷಗಟ್ಟಲೆ ತುಟ್ಟಿ ಬೀಳತೈತಿ. ಪಂಚನಾಮೆ ಆಗಿರದಿದ್ರ ಬರೇ ಒಳಗಿನ ರಾಡಿ ತಗೀರಿ, ಬಿದ್ದದ್ದು ಬಿದ್ದಲ್ಲೇ ಇರಲಿ. ನಾಕೂ ಮೂಲಿಯಿಂದ ಫೋಟೋ ಹೊಡೀರಿ, ಮನಿ ನಂಬರು ಮತ್ತ ಮಾಲಕರು ಅದರಾಗ ಕಾಣಬೇಕು, ಫೋಟೋ ಅವರ ಮೊಬೈಲ್‌ಗೆ ಹಾಕಿಕೊಡ್ರಿ.

ಗ್ವಾಡಿ ಬೀಳೂದು ನೀರು ಏರೂವಾಗಷ್ಟ ಅಲ್ಲ, ಇಳದ ಮ್ಯಾಲೂ ಬೀಳತಾವು. ಬುಡದ ಮಣ್ಣು ಮೆತ್ತಗಾಗಿ ಕೊರದಿರತೈತಿ, ಬಿಸಲು ಬಿದ್ದಂಗ ಹೊರಗಿನ ಮೈ ಒಣಗಿ ಕುಗ್ಗತೈತಿ, ಒಳಗ ಇನ್ನೂ ಹಸಿ. ಮ್ಯಾಲೆ ಮೇಲ್ಮುದ್ದಿ ಮಾಳಗಿ (ಮಣ್ಣು ಹಾಸಿದ ಚಾವಣಿ) ಇದ್ರಂತೂ ಕೇಳಬ್ಯಾಡ್ರಿ. 8 ಇಂಚು ಮಣ್ಣು ಇದ್ದ 10ಕ್ಕ 10 ಫೂಟಿನ ಖೋಲಿ ಮ್ಯಾಲೆ, ಮಣ್ಣು ನೀರು ಕುಡದಿತ್ತಂದ್ರ ಮೂರೂವರಿ ಟನ್ ಭಾರ ತೊಲಿ ಮ್ಯಾಲೆ ಕುಂತಿರತೈತಿ. ಮೂಲ್ಯಾಗ ಬೆರಳು ಹೋಗೂವಷ್ಟು ಬಿರುಕು, ಹಿಂದ ಸರಳ ಮುಚ್ಚತಿದ್ದ ಬಾಗಲಾ ಈಗ ಹತ್ತೂದು, ಗ್ವಾಡಿ ಹೊಟ್ಟಿ ಬಂದಿರೂದು, ತೊಲಿ ಗ್ವಾಡಿಯಿಂದ ಸರದಿರೂದು, ಇದರಾಗ ಒಂದು ಕಂಡ್ರೂ ಒಳಗ ಹೆಜ್ಜಿ ಇಡಬ್ಯಾಡ್ರಿ. ದಾರಕ್ಕ ಕಟ್ಟೂ ತೂಕದ ಗುಂಡು ಒಂದು ಇಟ್ಕೊಳ್ರಿ, ಕಣ್ಣಿಗೆ ನೆಟ್ಟಗ ಕಂಡ ಗ್ವಾಡಿ ಗುಂಡಿಗೆ ಸೊಟ್ಟ ಕಾಣತೈತಿ. ಕಲ್ಲು-ಮಣ್ಣಿನ ಗ್ವಾಡಿ ಇದ್ರ ಊರಿನ ಗೌಂಡಿಯವರನ್ನ ಕರ್ಕೊಂಡು ನೋಡ್ರಿ, ಅವರಿಗೆ ದಿನದ ಪಗಾರ ಕೊಡ್ರಿ. ಅದೂ ಸೇವಾನ.

ಒಳಗ ಹೋಗೂವಾಗ ಉದ್ದ ಕೋಲು ಮುಂದ, ಕಾಲು ಹಿಂದ. ಹಾವು ಒಲಿ ಹಿಂದ, ಗ್ವಾದಲಿ (ದನಕ್ಕ ಮೇವು ಹಾಕೂ ಜಾಗಾ) ಒಳಗ, ಕೌದಿ ಗಂಟಿನ್ಯಾಗ ಸೇರಿರತಾವು. ಮೇನ್ ಸ್ವಿಚ್ ನೀವ ಮುಟ್ಟಬ್ಯಾಡ್ರಿ, ಹೆಸ್ಕಾಂ ಲೈನ್‌ಮನ್ ಬಂದು ಕಟ್ ಮಾಡ್ಯಾರೋ ಇಲ್ಲೋ ಕೇಳ್ರಿ.

ರಾಡಿ ಹಸಿ ಇದ್ದಾಗ ತಗೀಬೇಕು. ನಮ್ಮದು ಎರಿ ಮಣ್ಣು, ಒಣಗಿತಂದ್ರ ಗುದ್ದಲಿಗೂ ಬಗ್ಗೂದಿಲ್ಲ. ಲೆಕ್ಕಾ ಹೇಳತೀನಿ: 20ಕ್ಕ 20 ಫೂಟಿನ ಮನ್ಯಾಗ 4 ಇಂಚು ರಾಡಿ ಕುಂತ್ರ ಸುಮಾರು ಆರೂವರಿ ಟನ್. ಬುಟ್ಟಿಗೆ 15 ಕೆಜಿ ಹಿಡದ್ರೂ 430 ಬುಟ್ಟಿ. 8 ಮಂದಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ರ ಒಂದು ದಿನಕ್ಕ ಒಂದ ಮನಿ. ಹಂಗಾಗಿ ನಿಮ್ಮ 18 ಮಂದಿ 5 ದಿನದಾಗ 8-9 ಮನಿ ಮುಗಿಸಿದ್ರ ಬಾಳಾತು. ಊರ ತುಂಬ ಮಾಡತೀವಿ ಅಂತ ಮಾತು ಕೊಡಬ್ಯಾಡ್ರಿ. ತಗದ ರಾಡಿ ಗಟಾರದಾಗ ಹಾಕಿದ್ರ ಮುಂದಿನ ಮಳಿಗೆ ಅದ ಮನ್ಯಾಗ ಬರತೈತಿ. ಟ್ರ್ಯಾಕ್ಟರ್ ಹೊಳ್ಳೂ ಜಾಗಾ ನೋಡಿ ಒಂದ ಕಡೆ ಗುಡ್ಡಿ ಹಾಕ್ರಿ.

ಪ್ರೆಶರ್ ಪಂಪು ಊರಾಗ ಬಿಟ್ಟು ಬರ್ರಿ. ಮಣ್ಣಿನ ಗ್ವಾಡಿಗೆ ಅದನ್ನ ಹೊಡದ್ರ ನೆರಿ ಉಳಿಸಿದ್ದನ್ನ ನೀವ ಕೆಡವಿದಂಗ. ಫರಸಿ ಕಲ್ಲು, ಸಿಮೆಂಟ್ ನೆಲಾ ಇದ್ರ ಬಕೀಟಿನಿಂದ ನೀರು ಹಾಕಿ ಬ್ರಶ್ ತಿಕ್ಕ್ರಿ. ಮಣ್ಣಿನ ನೆಲಕ್ಕ ನೀರು ಬ್ಯಾಡ, ಹಲಗಿಯಿಂದ ಕೆರದು ಬಾಗಲಾ ಕಿಟಕಿ ತಗದು ಬಿಡ್ರಿ. ನೆಲ ಆರಿದ ಮ್ಯಾಲೆ ಮನಿ ಹೆಣ್ಮಕ್ಕಳು ಸಾರಿಸ್ಕೋತಾರು.

ಕೌದಿ ಒಗೀಬ್ಯಾಡ್ರಿ, ಅಂದ್ರ ಬಿಸಾಡಬ್ಯಾಡ್ರಿ. ನಿಮಗ ಅದು ನಾರೂ ಚಿಂದಿ ಗಂಟು, ಆ ಮನ್ಯಾಗ ಅಜ್ಜಿ ಸೀರಿ, ಸತ್ತ ಮಗನ ಅಂಗಿ ಅದರಾಗ ಹೊಲದಿರತಾರು. ತೋಯ್ದ ಕೌದಿ ಇಬ್ಬರು ಹಿಡದ್ರೂ ಏಳೂದಿಲ್ಲ. ಹಗ್ಗದ ಮ್ಯಾಲೆ ಹಾಕಿದ್ರ ಹೊಲಿಗಿ ಹರೀತೈತಿ, ಹೊರಸಿನ ಮ್ಯಾಲೆ ಹಾಸಿ ನೀರು ಇಳಿಸಿ ಆಮ್ಯಾಲೆ ಸೋಪಿನ ನೀರಾಗ ತುಳೀರಿ. ಉತಾರ (ಹೊಲದ ಪಹಣಿ), ರೇಷನ್ ಕಾರ್ಡು, ಪಾಸ್‌ಬುಕ್ಕು ಸಿಕ್ರ ಹಾಳಿ ಬಿಡಸಾಕ ಹೋಗಬ್ಯಾಡ್ರಿ. ನೆರಳಾಗ, ಪೇಪರಿನ ನಡುವ ಇಟ್ಟು ಒತ್ತರಿ. ಬಿಸಲಿಗಿಟ್ರ ಹಾಳಿ ಮುದುಡಿ ಶಾಯಿ ಹೋಗತೈತಿ.

ಕಡೇ ಮಾತು, ಹಗೇವು. ಕರಾವಳಿಯವರಿಗೆ ಗೊತ್ತಿರಲಿಕ್ಕಿಲ್ಲ. ಜೋಳ ತುಂಬಿಡೂ ನೆಲದೊಳಗಿನ ಕಣಜ, ಮನಿ ಮುಂದೋ ಪಡಸಾಲ್ಯಾಗೋ ಇರತೈತಿ, ಬಾಯಿ ಮ್ಯಾಲೆ ಕಲ್ಲು. ನೀರು ಹೊಕ್ಕ ಹಗೇವಿನ್ಯಾಗ ಜೋಳ ಹುಳಿತು ವಿಷಗಾಳಿ ತುಂಬಿರತೈತಿ. ಕಂದೀಲು ಇಳಿಸಿ ನೋಡಿ, ದೀಪ ಆರದಿದ್ರ ಇಳೀತಾರು. ನಿಮ್ಮ ಹುಡುಗರು ಮಾತ್ರ ಇಳಿಯೂದ ಬ್ಯಾಡ.

ಬಾವಿಕಟ್ಟೆ

ಮೇಲಿನವರ ಮಾತೆಲ್ಲ ಒಪ್ಪಿಗೆ, ಕಂದೀಲಿನದೊಂದು ಬಿಟ್ಟು. ಗಾಳಿಯಲ್ಲಿ ಆಮ್ಲಜನಕ ಸಾಮಾನ್ಯವಾಗಿ ಶೇ 21ರ ಹತ್ತಿರ. ದೀಪ ಆರುವುದು ಶೇ 16ರ ಆಸುಪಾಸಿಗೆ ಇಳಿದಾಗ. ಅಷ್ಟರೊಳಗೆ ಕೆಳಗಿದ್ದವನಿಗೆ ತಲೆ ತಿರುಗಿ ಹಗ್ಗ ಹಿಡಿಯುವ ಬುದ್ಧಿಯೂ ಹೋಗಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಭಾರದ ಅನಿಲ, ತಳದಲ್ಲಿ ಕೂತಿರುತ್ತದೆ, ಅರ್ಧಕ್ಕೆ ಇಳಿಸಿದ ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ಜೊತೆಗೆ ಕೊಳೆತದ್ದು ಎಂದರೆ ಉರಿಯುವ ಅನಿಲವೂ ಇರಬಹುದು, ಅಲ್ಲಿಗೆ ಬೆಂಕಿ ಇಳಿಸುವುದು ಬೇರೆ ಅಪಾಯ. ಇಂಥ ಕಡೆ ಒಬ್ಬ ಬಿದ್ದರೆ ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಬಾವಿಗೂ ಇದೇ ಮಾತು.

ಬಾವಿಯ ವಿಷಯ ವಿವರವಾಗಿ ಹೇಳುತ್ತೇನೆ, ಸೇವಾ ತಂಡಗಳು ಹೆಚ್ಚು ತಪ್ಪುವುದು ಇಲ್ಲೇ.

ಡೀಸೆಲ್ ಪಂಪನ್ನು ಬಾವಿಯೊಳಗಿನ ಮೆಟ್ಟಿಲ ಮೇಲೆ ಇಳಿಸಬೇಡಿ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಗೇ ನಿಲ್ಲುತ್ತದೆ. ಮೇಲೆ ಇಟ್ಟು ಪೈಪ್ ಇಳಿಸಿ. ನೀರು ಏಳೆಂಟು ಮೀಟರಿಗಿಂತ ಆಳದಲ್ಲಿದ್ದರೆ ಮೇಲಿಟ್ಟ ಪಂಪ್ ಎಳೆಯುವುದಿಲ್ಲ, ಆಗ ಸಬ್‌ಮರ್ಸಿಬಲ್ ಮತ್ತು ಜನರೇಟರ್ ಬೇಕು. ಒಂದೇ ಉಸಿರಿಗೆ ಖಾಲಿ ಮಾಡಬೇಡಿ. ಸುತ್ತಲಿನ ನೆಲ ನೀರು ಕುಡಿದು ಕೂತಿದೆ, ಒಳಗಿನ ನೀರಿನ ಒತ್ತಡ ತೆಗೆದ ಕೂಡಲೇ ಕಲ್ಲಿನ ಕಟ್ಟಡ ಒಳಕ್ಕೆ ಕುಸಿಯುತ್ತದೆ. ಒಂದಷ್ಟು ಎತ್ತಿ, ನಿಲ್ಲಿಸಿ, ಒಳಗೋಡೆ ನೋಡಿ, ಮತ್ತೆ ಎತ್ತಿ. ಕಲ್ಲು ಸಡಿಲವಾಗಿದ್ದರೆ ಆ ಬಾವಿ ಬಿಟ್ಟುಬಿಡಿ.

ಕ್ಲೋರಿನ್ ಲೆಕ್ಕ. ಬಾವಿಯ ಅಡ್ಡಳತೆ ಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಸಾವಿರ ಲೀಟರ್‌ಗಳ ಲೆಕ್ಕ. 3 ಮೀಟರ್ ಅಡ್ಡಳತೆ, 4 ಮೀಟರ್ ನೀರು ಇದ್ದರೆ ಸುಮಾರು 28 ಸಾವಿರ ಲೀಟರ್. ನೆರೆ ನೀರು ನುಗ್ಗಿದ ಬಾವಿಯ ಕೊಳಕು ನೀರು, ಕೆಸರು ತೆಗೆದು, ಹೊಸ ನೀರು ತುಂಬಿದ ಮೇಲೆ ಮೊದಲ ಸಲ ಜೋರು ಮದ್ದು: ಶೇ 33 ಕ್ಲೋರಿನ್ ಇರುವ ಪುಡಿಯಾದರೆ ಸಾವಿರ ಲೀಟರಿಗೆ 60 ಗ್ರಾಂ. ಈ ಬಾವಿಗೆ 1.7 ಕೆಜಿ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ಬಿಟ್ಟು, ಮತ್ತೆ ನೀರು ಎತ್ತಿ ಹೊರಗೆ ಹಾಕಿ. ಆ ನೀರನ್ನು ಯಾರೂ ಕುಡಿಯದಂತೆ ಬಾವಿಗೆ ಒಬ್ಬರು ಕಾವಲಿರಲಿ. ಆಮೇಲಿನ ಮಾಮೂಲು ಪ್ರಮಾಣ ಸಾವಿರ ಲೀಟರಿಗೆ 2.5 ಗ್ರಾಂ, ಅಂದರೆ ಇದೇ ಬಾವಿಗೆ 70 ಗ್ರಾಂ ಮಾತ್ರ. ಜೋರು ಮದ್ದಿನ ಪ್ರಮಾಣವನ್ನೇ ದಿನಾ ಹಾಕಿದರೆ ನೀರು ಬಾಯಿಗಿಡಲು ಆಗದೆ ಜನ ಹೊಳೆಗೆ ಹೋಗುತ್ತಾರೆ.

ಪುಡಿಯನ್ನು ಹಾಗೆಯೇ ಬಾವಿಗೆ ಸುರಿಯಬೇಡಿ. ಒಂದು ಪ್ಲಾಸ್ಟಿಕ್ ಬಕೆಟ್‌ಗೆ 100 ಗ್ರಾಂ ಮೀರದಂತೆ ಹಾಕಿ, ಸ್ವಲ್ಪ ನೀರಲ್ಲಿ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ 10 ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಅಲ್ಲಾಡಿಸಿ ಬೆರೆಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ಒಂದು ಗಂಟೆ ಬಿಟ್ಟು, ಉಳಿದ ಕ್ಲೋರಿನ್ ಅಳೆಯುವ ಪೆಟ್ಟಿಗೆಯಾದ ಕ್ಲೋರೋಸ್ಕೋಪ್‌ನಲ್ಲಿ ನೋಡಿ, ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು. ಪೆಟ್ಟಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ನೀವು ಹೊರಟ ಮೇಲೆ ಆ ಕೆಲಸ ಮುಂದುವರಿಸುವವರು ಅವರೇ, ಆದ್ದರಿಂದ ಮೊದಲ ಬಾವಿಯಿಂದಲೇ ಅವರೂ ನೀರಗಂಟಿಯೂ ಜೊತೆಗಿರಲಿ.

ಕೆಂಪು ಕೆಂಪು ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ಮಣ್ಣೇ ಅದನ್ನು ತಿಂದುಬಿಡುತ್ತದೆ. ಮನೆಯ ಕೊಡದ ನೀರಾದರೆ ಪಟಕ ಆಡಿಸಿ, ಕೆಸರು ಕೂರಲು ಬಿಟ್ಟು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ: 0.5 ಗ್ರಾಮಿನ ಒಂದು ಮಾತ್ರೆಗೆ 20 ಲೀಟರ್, ಅರ್ಧ ಗಂಟೆ ಕಾಯಬೇಕು.

ನಿಮ್ಮ 50 ಕೆಜಿ ಪುಡಿ ಎಷ್ಟು ಹಳೆಯದು ನೋಡಿ. ಬಾಯಿ ಬಿಚ್ಚಿದ ಚೀಲ ಮಳೆಗಾಲದಲ್ಲಿ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಕೊನೆಗೆ ಉಳಿಯುವುದು ಸುಣ್ಣ. ಜನ ಕೂರುವ ಗಾಡಿಯಲ್ಲಿ ಒಯ್ಯಬೇಡಿ, 407ರಲ್ಲೂ ಡೀಸೆಲ್ ಕ್ಯಾನಿನ ಪಕ್ಕ ಇಡಬೇಡಿ. ಕಕ್ಕಸು ತೊಳೆಯುವ ಆಸಿಡ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ನಾಡಿ ಹಿಡಿದವಳು

ಆರೋಗ್ಯದ್ದು ನಾನು ಹೇಳುತ್ತೇನೆ. ಹೊರಡುವ ಮುನ್ನವೇ ಆಗಬೇಕಾದದ್ದು ಎರಡು. ಧನುರ್ವಾಯು ಚುಚ್ಚುಮದ್ದು ಕೊನೆಯ ಸಲ ಯಾವಾಗ ಹಾಕಿಸಿದ್ದು ಎಂದು 18 ಜನರದ್ದೂ ಬರೆದಿಟ್ಟುಕೊಳ್ಳಿ. 10 ವರ್ಷ ದಾಟಿದ್ದರೆ ಈಗಲೇ ಹಾಕಿಸಿ. ಅಲ್ಲಿ ಕೊಳಕು ಗಾಯವಾದರೆ 5 ವರ್ಷ ದಾಟಿದವರಿಗೂ ಬೇಕಾಗುತ್ತದೆ. ಎರಡನೆಯದು ಇಲಿಜ್ವರ. ನೆರೆ ಕೆಸರಲ್ಲಿ ಇಲಿ, ದನಗಳ ಮೂತ್ರ ಸೇರಿರುತ್ತದೆ, ಕಾಲಿನ ಸಣ್ಣ ಗೀರು ಸಾಕು. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ, ಕೆಸರಿಗೆ ಇಳಿಯುವ ಒಂದೆರಡು ದಿನ ಮೊದಲೇ ಶುರು. ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ, ಗರ್ಭಿಣಿಯರಿಗೆ ಸಲ್ಲದು. ಊಟದ ಮೇಲೆ ಒಂದು ತುಂಬು ಲೋಟ ನೀರಿನ ಜೊತೆ ನುಂಗಿ, ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತದೆ. ಮಾತ್ರೆ ನುಂಗಿದ್ದೇವೆಂದು ಗಮ್‌ಬೂಟ್ ಬಿಡುವಂತಿಲ್ಲ. ಊರಿಗೆ ಮರಳಿದ ಮೇಲೆ ಒಂದು ತಿಂಗಳೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ವೈದ್ಯರಿಗೆ "ನೆರೆ ಕೆಸರಲ್ಲಿದ್ದೆ" ಎಂದು ಬಾಯಿಬಿಟ್ಟು ಹೇಳಬೇಕು.

ಗಮ್‌ಬೂಟ್ ಅಳತೆ ಸರಿಯಾಗಿರಲಿ. ದೊಡ್ಡದಾದರೆ ಎರಿ ಮಣ್ಣು ಬೂಟನ್ನು ಹಿಡಿದುಕೊಳ್ಳುತ್ತದೆ, ಕಾಲು ಬರಿದೇ ಹೊರಗೆ ಬರುತ್ತದೆ, ಮುಂದಿನ ಹೆಜ್ಜೆ ತಗಡಿನ ಮೇಲೆ. ಗಾಯವಾದರೆ ಸೋಪು ಹಚ್ಚಿ ಹರಿಯುವ ಶುದ್ಧ ನೀರಲ್ಲಿ ತೊಳೆದು, ಆ ದಿನ ಅವರನ್ನು ಕೆಸರಿನಿಂದ ಎತ್ತಿ ಕಿಟ್ ಕಟ್ಟುವ ಕೆಲಸಕ್ಕೆ ಹಾಕಿ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಕೈಕಾಲು ಅಲುಗದಂತೆ ಇಟ್ಟು 108. ಹಾವಿನ ವಿಷದ ಚುಚ್ಚುಮದ್ದು ಎಲ್ಲಿ ದಾಸ್ತಾನಿದೆ ಎಂದು ಮೊದಲ ದಿನವೇ ಆರೋಗ್ಯ ಕೇಂದ್ರದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ನಿಮ್ಮ ಕುಡಿಯುವ ನೀರು ನೀವೇ ಒಯ್ಯಿರಿ, ತಲೆಗೆ ದಿನಕ್ಕೆ 5 ಲೀಟರ್, ಅಂದರೆ 18 ಜನಕ್ಕೆ 90 ಲೀಟರ್. ಊರಿಗೆ ಬರುವ ಟ್ಯಾಂಕರ್ ಎದುರು ನಿಮ್ಮ ಕ್ಯಾನ್ ಇರಬಾರದು.

ವೈದ್ಯರಿಲ್ಲದೆ ಔಷಧ ಶಿಬಿರ ಮಾಡಬೇಡಿ. ಅದಕ್ಕಿಂತ ದೊಡ್ಡ ಉಪಕಾರ ಒಂದಿದೆ. ಮನೆ ಮನೆಗೆ ಹೋದಾಗ ಸಕ್ಕರೆ ಕಾಯಿಲೆ, ಬಿಪಿ, ಮೂರ್ಛೆ, ಕ್ಷಯದ ಮಾತ್ರೆ ನೆರೆಯಲ್ಲಿ ಹೋಗಿದೆಯೇ ಎಂದು ಕೇಳಿ ಪಟ್ಟಿ ಮಾಡಿ, ಅದೇ ಸಂಜೆ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿ. ಎಲ್ಲರ ಕಣ್ಣು ಭೇದಿಯ ಮೇಲಿರುವಾಗ ಕ್ಷಯದ ಮಾತ್ರೆ ತಪ್ಪಿದವರನ್ನು ಯಾರೂ ಕೇಳುವುದಿಲ್ಲ. ಭೇದಿಗೆ ಓಆರ್‌ಎಸ್, ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ ಒಂದು ಲೀಟರ್. ಲೋಟಕ್ಕೆ ಅರ್ಧ ಪೊಟ್ಟಣ ಸುರಿದರೆ ಮಗುವಿಗೆ ಕೇಡು. ಆರು ತಿಂಗಳು ದಾಟಿದ ಮಕ್ಕಳಿಗೆ ಜೊತೆಗೆ ಜಿಂಕ್ 20 ಮಿಲಿಗ್ರಾಂ 14 ದಿನ, ಅದನ್ನು ಆಶಾ ಮೂಲಕವೇ ಕೊಡಿಸಿ.

ನಿಮ್ಮ 6 ಮಂದಿ ಹುಡುಗಿಯರನ್ನು ಅಡುಗೆಗೆ ಕೂರಿಸಬೇಡಿ. ಮುಟ್ಟಿನ ಬಟ್ಟೆ ಬೇಕೇ, ಸ್ನಾನಕ್ಕೆ ಮರೆ ಇದೆಯೇ ಎಂದು ಆ ಊರಿನ ಹೆಂಗಸರು ಹುಡುಗರ ಹತ್ತಿರ ಹೇಳುವುದಿಲ್ಲ. ನಾಲ್ಕು ಕಂಬ, ಒಂದು ತಾಡಪತ್ರಿ, ಒಂದು ಚಿಲಕ ಇದ್ದರೆ ಗಂಜಿ ಕೇಂದ್ರದ ಹಿಂದೆ ಬಚ್ಚಲು ಆಗುತ್ತದೆ. ಚಿಲಕ ಒಳಗಿನಿಂದ.

ಹಳೇ ಕಾರ್ಯದರ್ಶಿ

ಲೂಕನ ಪುಸ್ತಕದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕುತ್ತೇನೆ. ಕಿಟ್‌ನಿಂದ ತೆಗೆಯಿರಿ. ಯಾರಿಗೋ ಹೆದರಿ ಅಲ್ಲ. ಹಸಿದವನ ಕೈಗೆ ಹಿಟ್ಟಿನ ಜೊತೆ ಕೊಟ್ಟದ್ದನ್ನು ಆತ ಬೇಡವೆನ್ನಲಾರ, ಬೇಡವೆನ್ನಲಾಗದ್ದು ಸುವಾರ್ತೆಯಾಗುವುದಿಲ್ಲ. ವಿಪತ್ತು ಪರಿಹಾರದವರಿಗಾಗಿ 1994ರಲ್ಲಿ ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ ಮಾಡಿಕೊಂಡ ನಡತೆ ಸಂಹಿತೆಯಲ್ಲಿ 10 ಅಂಶಗಳಿವೆ. ಎರಡನೆಯದು, ನೆರವಿಗೆ ಅಗತ್ಯವೊಂದೇ ಅಳತೆ. ಮೂರನೆಯದು, ಯಾವುದೇ ರಾಜಕೀಯ, ಧಾರ್ಮಿಕ ನಿಲುವನ್ನು ಮುಂದೊತ್ತಲು ನೆರವನ್ನು ಬಳಸಬಾರದು. ಅದನ್ನು ರೂಪಿಸಿದವರಲ್ಲಿ ಕ್ರೈಸ್ತ ಸೇವಾ ಸಂಸ್ಥೆಗಳೂ ಇದ್ದವು, ಹಾಗಾಗಿ ಇದು ಹೊರಗಿನವರು ನಮ್ಮ ಮೇಲೆ ಹೇರಿದ್ದೆಂದು ಯುವಜನರು ತಿಳಿಯಬಾರದು.

ಯಾರಾದರೂ ತಾವಾಗಿ "ನಮ್ಮವ್ವನ ಸಲುವಾಗಿ ಪ್ರಾರ್ಥನೆ ಮಾಡ್ರಿ" ಎಂದರೆ ಮಾಡಿ. ಅವರ ಮನೆಯಲ್ಲಿ, ಮೆಲುದನಿಯಲ್ಲಿ, ಕೈಯಲ್ಲಿ ಕಿಟ್ ಇಲ್ಲದಾಗ, ಮೊಬೈಲ್ ಎತ್ತದೆ. ತಂಡದ ಬೆಳಗಿನ ಪ್ರಾರ್ಥನೆ ಬೆಟಗೇರಿಯ ಹಾಲ್‌ನಲ್ಲೇ ಮುಗಿಸಿ ಹೊರಡಿ. ಗಾಡಿಗೆ ಬ್ಯಾನರ್ ಕಟ್ಟಬೇಡಿ. ನೀವು ಯಾರೆಂದು ಕೇಳಿದರೆ ಮರೆಮಾಚದೆ ಹೇಳಿ. ಬೆಟಗೇರಿಯ ಕಡೆ ಬಾಸೆಲ್ ಮಿಷನ್ನಿನ ಆಸ್ಪತ್ರೆಯನ್ನು ಜನ ಜರ್ಮನ್ ಆಸ್ಪತ್ರೆ ಎಂದು ಕರೆಯುತ್ತ ಬಂದವರು, ಮಿಷನ್ ಎಂದರೆ ಅವರಿಗೆ ಹೊಸದೇನಲ್ಲ. ಫೋಟೋಗೆ ಸಂಬಂಧಿಸಿ ಮತ್ತಾಯನ 6ನೇ ಅಧ್ಯಾಯದ ಮೊದಲ ನಾಲ್ಕು ವಚನ ಫೇಸ್‌ಬುಕ್‌ಗೂ ಅನ್ವಯಿಸುತ್ತವೆ.

ಹಂಚುವುದರ ಬಗ್ಗೆ. 200 ಕಿಟ್ ಎಂದು ಮೊದಲು ನಿಗದಿ ಮಾಡಿ ಆಮೇಲೆ ಊರು ಹುಡುಕುವುದೇ ಗಲಾಟೆಯ ಮೂಲ. ಊರಲ್ಲಿ 340 ಮನೆ ಇದ್ದರೆ 140 ಮನೆಯವರ ಎದುರು ನೀವು 200 ಮನೆಗೆ ಕೊಡುತ್ತೀರಿ. ಮೊದಲು ತಹಶೀಲ್ದಾರ್ ಕಚೇರಿಗೂ ಪಂಚಾಯ್ತಿ ಪಿಡಿಒಗೂ ತಿಳಿಸಿ, ಬೇರೆ ಯಾರು ಏನು ಕೊಟ್ಟಿದ್ದಾರೆ ಎಂದು ಕೇಳಿ. ಕಿಟ್ ಕಡಿಮೆ ಇದ್ದರೆ ಒಂದು ಓಣಿಯನ್ನು ಪೂರ್ತಿ ಮುಗಿಸಿ, ಏಕೆ ಆ ಓಣಿ ಎಂಬುದನ್ನು ಮುಂಚೆಯೇ ಎಲ್ಲರಿಗೂ ಹೇಳಿ. ನೀರು ಮೊದಲು ಹೊಕ್ಕ, ಕೊನೆಗೆ ಬಿಟ್ಟ ತಗ್ಗಿನಿಂದ ಶುರು ಮಾಡುವುದು ನ್ಯಾಯ. ಹಲವು ಊರುಗಳಲ್ಲಿ ಆ ತಗ್ಗಿನಲ್ಲೇ ದಲಿತರ ಕೇರಿ ಇರುತ್ತದೆ, ಊರ ನಡುವಿನ ಕಟ್ಟೆಯ ಮೇಲೆ ನಿಂತು ಹಂಚಿದರೆ ಅವರಿಗೆ ಮುಟ್ಟುವಷ್ಟರಲ್ಲಿ ಗಾಡಿ ಖಾಲಿ. ಹಿಂದಿನ ಸಂಜೆ ಮನೆ ಮನೆಗೆ ಹೋಗಿ ಟೋಕನ್ ಕೊಡಿ, ಮರುದಿನ ಐವತ್ತು ಐವತ್ತರಂತೆ ಸಮಯ ಕೊಟ್ಟು ಕರೆಯಿರಿ. ಗುಡಿ, ಮಸೀದಿ, ಚರ್ಚು ಯಾವುದರ ಮುಂದೆಯೂ ಬೇಡ, ಶಾಲೆಯ ಅಂಗಳ ಸಾಕು. ರೇಷನ್ ಕಾರ್ಡ್ ಇಲ್ಲದ ಬಾಡಿಗೆಯವರು, ಕೂಲಿಗೆ ಬಂದವರು ಪಟ್ಟಿಯಲ್ಲಿ ಇರುವುದಿಲ್ಲ, ಅವರನ್ನು ಟೋಕನ್ ಹಂಚುವಾಗಲೇ ಹುಡುಕಬೇಕು. ಊರಲ್ಲಿ ಕ್ರೈಸ್ತರ ನಾಲ್ಕು ಮನೆ ಇದ್ದರೆ ಅವರಿಗೂ ಸರದಿಯಲ್ಲೇ, ಒಂದೇ ಕಿಟ್.

ಗಲ್ಫ್ ಹಣ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾಯಿಸಿಕೊಂಡವರು, ಓಸಿಐ ಕಾರ್ಡಿನವರು (ವಿದೇಶಿ ಪೌರತ್ವವಿರುವ ಭಾರತ ಮೂಲದವರು) ಕಳಿಸಿದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಸಭೆಯ ಖಾತೆಗೆ ತರಿಸುವಂತಿಲ್ಲ. ಕಳಿಸುವವರ ಪಾಸ್‌ಪೋರ್ಟ್ ಪ್ರತಿ ಕೇಳಿ ಕಡತದಲ್ಲಿಡಿ. ಮುಜುಗರ ಪಡಬೇಡಿ.

ಕುಡ್ಲದ ಯುವಜನ

ಎಲ್ಲರಿಗೂ ಕೃತಜ್ಞತೆ. ಬದಲಾದ ಪಟ್ಟಿ: ಅಕ್ಕಿಯನ್ನು ಇಲ್ಲಿಯೇ ಮಾರಿ ಆ ಹಣದಲ್ಲಿ ಗದಗದಲ್ಲಿ ಜೋಳ. ಹಳೆ ಬಟ್ಟೆಯ 32 ಚೀಲ ಇಲ್ಲೇ. ಪ್ರೆಶರ್ ಪಂಪ್ ಇಲ್ಲೇ. ಸಲಿಕೆ 10, ಗುದ್ದಲಿ 4, ಬುಟ್ಟಿ 30, ಹಲಗೆಯ ಕೆರೆಯುವ ಕೋಲು 8, ತೂಕದ ಗುಂಡು, ಗಮ್‌ಬೂಟ್ 18 ಜೊತೆ ಅಳತೆ ನೋಡಿ. ಸುವಾರ್ತೆ ಪುಸ್ತಕ ಕಿಟ್‌ನಲ್ಲಿ ಇಲ್ಲ, ಇಂದಿನ ಕಮಿಟಿಯಲ್ಲಿ ಒಂದೂವರೆ ಗಂಟೆ ಚರ್ಚೆಯಾಗಿ ತೀರ್ಮಾನವಾಯಿತು. ಎರಡು ಸಂಶಯ: ಯಾರೂ ಇಳಿಯಬಾರದು ಎಂದಾದರೆ ಹಗೇವಿನ ಜೋಳ ತೆಗೆಯುವುದು ಹೇಗೆ? ಮೇಲಿನದ್ದು ಚೆನ್ನಾಗಿದ್ದರೆ ದನಕ್ಕಾದರೂ ಆಗುತ್ತದೆಯೇ?

ಹೊಳಿದಂಡಿ

ಕಂದೀಲಿನ ಮಾತು ತಿದ್ದಿದ್ದು ಚಲೋ ಆತು, ನಮ್ಮ ಕಡೆ ರೂಢಿ ಇದ್ದದ್ದು ಬರದಿದ್ದೆ, ಇನ್ಮ್ಯಾಲೆ ಬರೆಯೂದಿಲ್ಲ.

ಬಾಯಿ ಕಲ್ಲು ತಗದು ಎರಡು ದಿನ ಬಿಡ್ರಿ, ಹತ್ತರ ಬೀಡಿ ಸೇದಾಕ ಯಾರನ್ನೂ ಬಿಡಬ್ಯಾಡ್ರಿ. ಹಂಗ ಬಿಟ್ರೂ ತಳದ ಗಾಳಿ ಪೂರ್ತಿ ಹೋಗೂದಿಲ್ಲ, ಅದಕ್ಕ ಮ್ಯಾಲಿಂದನ ಕೆಲಸಾ. ಉದ್ದ ಬಿದಿರಿಗೆ ತಗಡಿನ ಡಬ್ಬಿ ಕಟ್ಟಿ ಮೊಗೀರಿ. ಎಟಕದಿದ್ರ ಅಲ್ಲಿಗೆ ಬಿಡ್ರಿ. ಉಳದದ್ದು ತಗಸೂದು ಮನಿಯವರು ಮತ್ತ ಪಂಚಾಯ್ತಿ ನೋಡ್ಕೋತಾರು, ಇಲ್ಲಾ ಮಣ್ಣು ತುಂಬಿ ಮುಚ್ಚತಾರು. ಜೋಳದ್ದೂ ಪಂಚನಾಮೆ ಆಗೂದಿದ್ರ ಮೊದಲ ಅದನ್ನ ಮುಗಿಸ್ರಿ.

ಬಾವಿಕಟ್ಟೆ

ದನಕ್ಕೆ ಬೇಡ. ಬೂಷ್ಟು ಹಿಡಿದ ಜೋಳದ ವಿಷ ದನಕ್ಕೂ ತಟ್ಟುತ್ತದೆ, ಅದರ ಹಾಲಿಗೂ ಬರುತ್ತದೆ. ಒಣಗಿಸಿದರೆ, ತೊಳೆದರೆ, ಬೇಯಿಸಿದರೆ ಆ ವಿಷ ಹೋಗುವುದಿಲ್ಲ. ಊರಾಚೆ ಗುಂಡಿ ತೆಗೆದು, ದನ ಕೋಳಿ ಕೆದಕದಷ್ಟು ಮಣ್ಣು ಮುಚ್ಚಿ.

ಇನ್ನೊಂದು. ಕಲ್ಲು ತೆಗೆದಿಟ್ಟ ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ, ಸುತ್ತ ಎಲ್ಲ ಒಂದೇ ಬಣ್ಣದ ಕೆಸರು, ಕರೆಂಟೂ ಇಲ್ಲ. ಸಂಜೆ ಗಾಡಿ ಹತ್ತುವ ಮುನ್ನ ಪ್ರತಿ ಬಾಯಿಯ ಮೇಲೂ ಮುಳ್ಳುಕಂಟಿ ಇಟ್ಟು, ಸುತ್ತ ಸುಣ್ಣದ ಗೆರೆ ಎಳೆದು, ಎಣಿಸಿಕೊಂಡು ಹೊರಡಿ. ಬೆಳಿಗ್ಗೆ ಬಂದ ಮೇಲೆ ಮತ್ತೆ ಎಣಿಸಿ.